ಒಳಲೆಯಲ್ಲಿ ಕೊಟ್ಟ ಔಷಧ

“ಹದಿನಾರು ವರ್ಷದ ಹುಡುಗ. ನಾಲ್ಕು ದಿನವಾದರೂ ಔಷಧ ನಾಟಿಲ್ಲ. ಎಲ್ಲ ಕುಡಿದಿದ್ದಾನೆ ಎನ್ನುತ್ತಾಳೆ ತಾಯಿ. ಇವತ್ತಿನಿಂದ ತೀಕ್ಷ್ಣ ಔಷಧ ಕೊಡಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಒಬ್ಬ ಪಂಡಿತನ ಆಸ್ಪತ್ರೆಯಲ್ಲಿ ಎರಡೇ ಕೋಣೆ. ದೊಡ್ಡವರಿಗೊಂದು, ಮಕ್ಕಳಿಗೊಂದು. ಮದುವೆಯಾಗದವರೆಲ್ಲ ಮಕ್ಕಳು ಎಂಬುದು ಅವನ ಎಣಿಕೆ. ಕುಂಬಾರಗಿತ್ತಿಯೊಬ್ಬಳು ಹದಿನೈದು ವರ್ಷದ ಮಗಳನ್ನು ಜ್ವರವೆಂದು ಕರೆತಂದಳು. ಅವಳಿಗೂ ಮಕ್ಕಳ ಕೋಣೆಯೇ ಆಯಿತು. ಮಂಚ ಮೊಣಕಾಲಿಗೇ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ಎಲ್ಲರಿಗೂ ಔಷಧ ಒಳಲೆಯಲ್ಲಿ. ಕೂಸನ್ನು ತೊಡೆಯ ಮೇಲೆ ಮಲಗಿಸಿ, ಮೂಗು ಹಿಡಿದು, ಒಳಲೆಯ ಮೂತಿಯಿಂದ ಬಾಯಿಗೆ ಹೊಯ್ಯುವುದು. ತಾಯಿ ಮಗಳಿಗೂ ಹಾಗೆಯೇ ಹೊಯ್ದಳು. ಪಕ್ಕದ ಮಂಚದ ಮಕ್ಕಳು ನಕ್ಕವು.

ನಾಲ್ಕು ದಿನವೂ ಪಂಡಿತ ಬಂದು ನಾಡಿ ನೋಡಿದ. “ಕುಡಿದಳೇ?” ಎಂದು ತಾಯಿಯನ್ನು ಕೇಳಿದ. “ಒಂದು ಹನಿ ಬಿಟ್ಟಿಲ್ಲ” ಎಂದಳು ತಾಯಿ. ಜ್ವರ ಏರುತ್ತಲೇ ಇತ್ತು.

ಐದನೆಯ ದಿನ ಅವನು ತೀಕ್ಷ್ಣ ಔಷಧ ಅರೆದ. ಮೊದಲ ಔಷಧ ನಾಲ್ಕು ದಿನ ಹೊಟ್ಟೆಗೆ ಹೋಗಿದ್ದರೆ ಈ ತೀಕ್ಷ್ಣ ಔಷಧ ಜ್ವರ ಇಳಿಸುತ್ತದೆ. ಹೋಗಿರದಿದ್ದರೆ ಕೊಲ್ಲುತ್ತದೆ. ತಾನೇ ಕುಡಿಸಲು ಕುಳಿತ. ತಾಯಿ ಮಗಳ ಕೈಗಳನ್ನು ಹಿಡಿದಳು. ಅವನು ಮೂಗು ಹಿಡಿದು ಒಳಲೆಯನ್ನು ತುಟಿಗೆ ಒತ್ತಿದ. ಹುಡುಗಿ ಹಲ್ಲು ಬಿಗಿದಳು. ಉಸಿರು ಕಟ್ಟಿತು. ಬಾಯಿ ತೆರೆದವಳು ಅವನ ಬೆರಳು ಕಚ್ಚಿದಳು.

“ಕತ್ತೆಯಷ್ಟು ಬೆಳೆದಿದ್ದೀಯ, ಹಾಲುಗೂಸಿನ ಹಾಗೆ ಕಚ್ಚುತ್ತೀಯಾ?”

“ಹಾಲುಗೂಸಿಗೆ ಕುಡಿಸಿದ ಹಾಗೆ ಕುಡಿಸುತ್ತೀರಲ್ಲ, ಪಂಡಿತರೇ.”

ಐದು ದಿನದಲ್ಲಿ ಅವನು ಕೇಳಿದ ಅವಳ ಮೊದಲ ಮಾತು ಅದು. ಒಳಲೆ ಅಲ್ಲೇ ನಿಂತಿತು. ತಾಯಿಯನ್ನು ಹೊರಗೆ ಕಳಿಸಿದ. “ಹಿಂದಿನದನ್ನು ಕುಡಿದೆಯಾ?” ಎಂದು ಕೇಳಿದ. ಹುಡುಗಿ ಹಾಸಿಗೆಯ ಅಂಚು ಎತ್ತಿದಳು. “ಅಮ್ಮ ಒಳಲೆ ತೊಳೆಯಲು ಹೋದಾಗ ಉಗಿದೆ” ಎಂದಳು. ಅಡಿಯಲ್ಲಿ ಔಷಧ ಕಪ್ಪಗೆ ಒಣಗಿತ್ತು. ನಾಲ್ಕು ದಿನದ್ದೂ.

ಪಂಡಿತ ಒಳಲೆಯಲ್ಲಿದ್ದುದನ್ನು ಹೊರಗೆ ಚೆಲ್ಲಿದ. ಮೊದಲ ಔಷಧವನ್ನೇ ಲೋಟಕ್ಕೆ ಹಾಕಿ ಅವಳ ಕೈಗೆ ಕೊಟ್ಟ. ಮುಖ ಕಿವುಚಿಕೊಂಡು ತಾನೇ ಕುಡಿದಳು. ಹತ್ತನೆಯ ದಿನ ನಡೆದುಕೊಂಡು ಮನೆಗೆ ಹೋದಳು.

ಗುರುಗಳು ಶಿಷ್ಯನ ಕೈಯಲ್ಲಿದ್ದ ಔಷಧದ ಪೊಟ್ಟಣ ನೋಡಿದರು.

“ತಾಯಿ ಹೇಳಿದ್ದು ಗೊತ್ತಾಯಿತು. ಹುಡುಗ ಏನೆಂದ?”