ಪುಸ್ತಕದಲ್ಲಿ ಇಲ್ಲದ ಫಕೀರವ್ವ

ಪೆದ್ದನ ಕತೆ ಅಂದರೆ ನಗುವುದಕ್ಕೇ ಇರುವುದು. ನಗಿ, ಬೇಡ ಅನ್ನುವುದಿಲ್ಲ. ಹೆತ್ತವಳಿಗೆ ಮಾತ್ರ ಒಂದು ದಿನವೂ ನಗು ಬರಲಿಲ್ಲ, ಅಷ್ಟು ನೆನಪಿರಲಿ.

ಗದಗಿನ ಒಂದು ಓಣಿಯಲ್ಲಿ ಫಕೀರವ್ವ ಅಂತ ಒಬ್ಬಳು. ಖಾನಾವಳಿಗೆ ದಿನಾ ನೂರು ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ಅವಳಿಗೊಬ್ಬನೇ ಮಗ, ಮುದಕಪ್ಪ. ಇಪ್ಪತ್ತೆರಡು ತುಂಬಿದ್ದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಶುದ್ಧ ಪೆದ್ದ. ಇಂಥವನನ್ನು ಹೆತ್ತವಳ ಜೋಡಿ ಬಾಳ್ವೆ ಮಾಡಲಾರೆ ಅಂತ ಗಂಡ ಎಂದೋ ಬಿಟ್ಟು ಹೋಗಿದ್ದ. ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೂ ಕಮ್ಮಿ, ಎಲ್ಲರಿಗೂ ಅವಳು ‘ಪೆದ್ದನ ಅವ್ವ’. ಅವಳಿಗಿದ್ದದ್ದು ಒಂದೇ ಆಸೆ. ಮಗ ಟಿವಿಯ ಕ್ವಿಜ್‌ನಲ್ಲಿ ಕೂತು ‘ನಾನು ಫಕೀರವ್ವನ ಮಗ’ ಅನ್ನಬೇಕು, ಗಂಡ ಅನ್ನಿಸಿಕೊಂಡವನು ಎಲ್ಲಿದ್ದರೂ ಕೇಳಬೇಕು.

ರದ್ದಿ ಅಂಗಡಿಯಿಂದ ಸಾಮಾನ್ಯ ಜ್ಞಾನದ ಪುಸ್ತಕ ತಂದು ಕೊಟ್ಟಳು. “ಉತ್ತರ ಎಲ್ಲಾ ಬಾಯಿಪಾಠ ಮಾಡು. ಒಂದೂ ಬಿಡಬ್ಯಾಡ.”

ಹದಿನೈದು ದಿನ ಕೂತು ಒದರಿದ. ಓಣಿಯಲ್ಲೇ ಇದ್ದ ನಿವೃತ್ತ ಮಾಸ್ತರರ ಮುಂದೆ ಒಯ್ದು ನಿಲ್ಲಿಸಿದಳು.

“ಹೇಳು ತಮ್ಮಾ, ಕೃಷ್ಣಾ ನದಿ ಎಲ್ಲಿ ಹುಟ್ಟತೈತಿ?”

“ಒಂದು ಬಿ. ಎರಡು ಎ. ಮೂರು ಡಿ. ನಾಕು ಡಿ.”

ಪುಸ್ತಕದ ಕೊನೆಯಲ್ಲಿ ಉತ್ತರಗಳ ಪಟ್ಟಿ ಇತ್ತು. ಆರುನೂರು ಅಕ್ಷರವನ್ನೂ ತಪ್ಪಿಲ್ಲದೆ ಕಲಿತಿದ್ದ. ಒಂದು ಪ್ರಶ್ನೆಯನ್ನೂ ಓದಿರಲಿಲ್ಲ.

ಫಕೀರವ್ವ ಹಣೆ ಬಡಿದುಕೊಂಡಳು. “ಪ್ರಶ್ನಿ ಓದೋ ಹುಚ್ಚಾ! ಯಾರರ ಏನರ ಕೇಳಿದರ ನಾಕೂ ಆಯ್ಕೆ ಕೇಳಿಸ್ಕೊ. ಆಮ್ಯಾಲ ಒಂದು ಹೇಳು.”

“ಆತು ಬೇ ಯವ್ವಾ. ನಾಕೂ ಕೇಳತೀನಿ.”

ಮರುದಿನ ರೊಟ್ಟಿ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಮಗನನ್ನು ಕಾವಲಿಗೆ ಕೂರಿಸಿ, ಅವಳು ನೀರಿಗೆ ಹೋದಳು. ಬಿಡಾಡಿ ಆಕಳೊಂದು ಬಂದು ಬುಟ್ಟಿಗೆ ಬಾಯಿ ಹಾಕಿತು. ಎದುರು ಮನೆಯ ಶಾರವ್ವ ಕೂಗಿದಳು.

“ಲೇ ಮುದಕಪ್ಪಾ, ಆಕಳ ರೊಟ್ಟಿ ತಿನ್ನಾಕತ್ತೈತಿ, ಏನ್ ನೋಡ್ಕೋತ ಕುಂತಿ?”

“ಆಯ್ಕೆ ಹೇಳ್ರಿ ಅತ್ತಿ.”

“ಎಂಥಾ ಆಯ್ಕೆ? ಹೊಡಿಯೋ ಅದನ್ನ.”

“ಅದು ಎ ಆತು. ಬಿ?”

ಡಿ ಬರುವುದರೊಳಗೆ ಬುಟ್ಟಿ ಬರಿದಾಗಿತ್ತು. ಖಾನಾವಳಿಯವನು ಬೈದದ್ದು ಓಣಿಗೆಲ್ಲ ಕೇಳಿಸಿತು.

“ಬಾಯಾಗ ನಾಲಿಗಿ ಇಲ್ಲೇನೋ?” ಅಂದಳು ಫಕೀರವ್ವ. “ಯಾರು ಏನ ಕೇಳಿದರೂ ಕೂಡ್ಲೆ ಹೇಳಿಬಿಡು. ಟಿವ್ಯಾಗೂ ಮೊದಲ ಹೇಳಿದಾಂವಗ ಅಂಕ.”

“ಆತು ಬೇ ಯವ್ವಾ. ಎಲ್ಲಾರ್ಕಿಂತ ಮೊದಲ ಹೇಳತೀನಿ.”

ನಾಲ್ಕೇ ದಿನಕ್ಕೆ ಶಾರವ್ವನ ಗಂಡ ತೀರಿಕೊಂಡ. ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಶಾರವ್ವ ಎದೆ ಬಡಿದುಕೊಂಡು, ಹಾಡಿಕೊಂಡು ಅಳುತ್ತಿದ್ದಳು.

“ನನ್ನ ಬಿಟ್ಟು ಎಲ್ಲಿಗೆ ಹೋದ್ರೀ ನನ ದೊರೀ?”

“ಎಲ್ಲೂ ಹೋಗಿಲ್ಲ ಅತ್ತಿ, ಇಲ್ಲೇ ಕುಂತಾರ. ನಾಕ ಗಂಟೇಕ ಒಯ್ತಾರಂತ.”

“ನನಗ ಇನ್ನ ಯಾರು ದಿಕ್ಕೋ ಶಿವನೇ?”

“ಯಾರೂ ಇಲ್ಲ.”

ಹೆಗಲು ಕೊಡಲು ಬಂದವರು ಅವನ ರಟ್ಟೆ ಹಿಡಿದು ಹೊರಗೆ ನೂಕಿದರು. ಹಾಗೆ ನೋಡಿದರೆ ಅವನು ಸುಳ್ಳೇನೂ ಹೇಳಿರಲಿಲ್ಲ.

“ಅಳೋರು ಉತ್ತರ ಬೇಡತಾರೇನೋ?” ಫಕೀರವ್ವನಿಗೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. “ಇನ್ನ ಮ್ಯಾಲ ಪುಸ್ತಕದಾಗ ಇದ್ದದ್ದಷ್ಟ ಹೇಳು. ಇಲ್ಲದ್ದು ಕೇಳಿದರ ಗೊತ್ತಿಲ್ಲ ಅನ್ನು. ನನ್ನಾಣಿ ಐತಿ.”

“ಆತು ಬೇ ಯವ್ವಾ.”

ಅಷ್ಟು ಹೊತ್ತಿಗೆ ಪ್ರಶ್ನೆ, ಉತ್ತರ, ಪುಟದ ಸಂಖ್ಯೆ ಎಲ್ಲವೂ ಅವನ ಬಾಯಿಗೆ ಬಂದಿದ್ದವು. ಟಿವಿಯವರು ಊರಿಗೆ ಬಂದು ಆಯ್ಕೆ ನಡೆಸಿದಾಗ ಕೇಳಿದ್ದೆಲ್ಲ ಆ ಪುಸ್ತಕದ್ದೇ. ಪೆದ್ದ ಗೆದ್ದ. ಫಕೀರವ್ವ ಎರವಲು ಇಳಕಲ್ ಸೀರೆ ಉಟ್ಟು ಸ್ಟುಡಿಯೋದ ಮೊದಲ ಸಾಲಿನಲ್ಲಿ ಕೂತಳು. ಮಗ ಆರು ಪ್ರಶ್ನೆಗೆ ಪಟಪಟ ಉತ್ತರ ಹೇಳಿದ. ನಿರೂಪಕನಿಗೂ ಖುಷಿಯಾಯಿತು.

“ಇಷ್ಟೆಲ್ಲಾ ಓದಿಸಿದ್ದು ಯಾರಪ್ಪಾ?”

“ಗೊತ್ತಿಲ್ರೀ.”

“ಹೋಗಲಿ, ನಿಮ್ಮ ತಾಯಿ ಹೆಸರೇನು?”

ಫಕೀರವ್ವ ಸೆರಗು ಸರಿಮಾಡಿಕೊಂಡಳು.

“ಗೊತ್ತಿಲ್ರೀ.”

“ಅಲ್ಲಿ ಕೂತಿದ್ದಾರಲ್ಲ, ಅವರು ಯಾರು?”

ಮುದಕಪ್ಪ ಅವ್ವನ ಮುಖ ನೋಡಿ ಹಲ್ಲು ಬಿಟ್ಟ. ನಿನ್ನ ಆಣೆ ಮರೆತಿಲ್ಲ ನೋಡು ಅನ್ನುವ ಹಾಗೆ. “ಗೊತ್ತಿಲ್ರೀ.”

ಜನ ಬಿದ್ದು ಬಿದ್ದು ನಕ್ಕರು. ಟಿವಿಯವರು ಆ ತುಣುಕನ್ನೇ ವಾರವಿಡೀ ಹಾಕಿದರು. ಗಂಡ ಎಲ್ಲಿದ್ದನೋ, ನೋಡಿದ್ದರೆ ಅವನೂ ನಕ್ಕಿರಬೇಕು, ಅವನ ಬಾಯಿಗೆ ಮಣ್ಣು ಬೀಳಲಿ.

ಆ ಸಲ ಫಕೀರವ್ವ ಬೈಯಲಿಲ್ಲ. ಪುಸ್ತಕ ಹಿಡಿದು ಮಾಸ್ತರರ ಮನೆಗೆ ಹೋದಳು. “ಇದರಾಗ ನನ್ನ ಹೆಸರ ಬರೀರಿ ಸರ. ಇರಲಿಲ್ಲ, ಅದಕ್ಕ ಅಂವ ಹೇಳಲಿಲ್ಲ.”

ಕೊನೆಯ ಖಾಲಿ ಹಾಳೆಯ ಮೇಲೆ ಮಾಸ್ತರರು ಬರೆದರು. ಮುದಕಪ್ಪನ ತಾಯಿ ಯಾರು? ಫಕೀರವ್ವ. ಪುಟ ಇನ್ನೂರಾ ಒಂಬತ್ತು. ಮುದಕಪ್ಪ ಒಂದೇ ಸಲಕ್ಕೆ ಕಲಿತ. ಆಮೇಲೆ ಅವನನ್ನು ಯಾವ ಟಿವಿಯವರೂ ಕರೆಯಲಿಲ್ಲ, ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಎರಡು ವರ್ಷಕ್ಕೆ ಫಕೀರವ್ವ ಒಲೆಯ ಮುಂದೆಯೇ ಹೋಗಿಬಿಟ್ಟಳು. ಅವಳನ್ನೂ ಗೋಡೆಗೆ ಒರಗಿಸಿ ಕೂರಿಸಿದರು. ಶಾರವ್ವ ಹಳೆಯ ಸಿಟ್ಟು ಮರೆತು ಬಂದು ಅತ್ತಳು.

“ಮಗನ್ನ ಬಿಟ್ಟು ಎಲ್ಲಿಗೆ ಹೋದ್ಯವ್ವಾ ಫಕೀರವ್ವಾ?”

ಮುದಕಪ್ಪ ಒಳಗೆ ಓಡಿದ. ಪುಸ್ತಕ ತಂದು, ಬಿಚ್ಚಿ, ಎಲ್ಲರ ಮುಂದೆ ಹಿಡಿದ.

“ಎಲ್ಲೂ ಹೋಗಿಲ್ಲ ಅತ್ತಿ. ಪುಟ ಇನ್ನೂರಾ ಒಂಬತ್ತರಾಗ ಅದಾಳ.”

ಹೇಳಿ, ಅವ್ವನ ಕಡೆ ತಿರುಗಿ ನಿಂತ, ಬೈದು ಮುಂದಿನ ಬುದ್ಧಿ ಹೇಳುತ್ತಾಳೆ ಅಂತ. ಸಂಜೆ ಒಯ್ಯುವ ತನಕ ನಿಂತೇ ಇದ್ದ.