ಓಡಲು ಬೇಕಾದಷ್ಟು ನೆಲ

ಹೊಳೆ ದಂಡೆಯ ಆಶ್ರಮಕ್ಕೆ ಒಂದು ಬೆಳಿಗ್ಗೆ ಶಾಂಭವಿ ಬಂದಳು. ಚಿಕ್ಕಂದಿನಲ್ಲಿ ಅಲ್ಲೇ ಅಕ್ಷರ ಕಲಿತವಳು. ಈಗ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಳು.

ಗುರುಗಳಾದ ಮರುಳಯ್ಯನವರು ಬದನೆ ಪಾತಿಗೆ ನೀರು ಬಿಡುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು.

ಅವಳು ಕಾಲಿಗೆರಗಿ, ಇನ್ನು ಮುಂದೆ ಇಲ್ಲೇ ಇದ್ದುಬಿಡುತ್ತೇನೆ ಎಂದಳು. ಅಡುಗೆಮನೆಗೆ ಹಾಕಿದರೂ ಸರಿ, ಮಕ್ಕಳಿಗೆ ಪಾಠ ಹೇಳಲು ಬಿಟ್ಟರೂ ಸರಿ.

"ಹಾರುವುದು ಬೇಡವಾಯಿತೆ?"

"ನನ್ನ ಕೈಲಿ ಆಗಲ್ಲ, ಅಜ್ಜಯ್ಯ."

ಆದದ್ದಿಷ್ಟು. ಅವಳು ಮೊದಲ ಸಲ ಒಬ್ಬಳೇ ವಿಮಾನ ಏರಿಸಬೇಕಿದ್ದ ದಿನ. ನೋಡಲೆಂದು ಅಪ್ಪ ಮಲ್ಲಿಗೆ ಹಾರ ಹಿಡಿದು ಬೇಲಿಯಾಚೆ ನಿಂತಿದ್ದರು. ವಿಮಾನ ರನ್‌ವೇ ಮೇಲೆ ಓಡುತ್ತ ವೇಗ ಹಿಡಿಯುತ್ತಿದ್ದಂತೆ ಎಂಜಿನ್ನಿನ ಸದ್ದು ಬದಲಾಯಿತು, ಕೆಮ್ಮು ಬಂದವರ ಹಾಗೆ. ಅವಳು ಯೋಚಿಸುತ್ತ ಕೂರಲಿಲ್ಲ. ಎಂಜಿನ್ನಿನ ಬಲ ಇಳಿಸಿ ಬ್ರೇಕ್ ಒತ್ತಿದಳು. ರನ್‌ವೇಯ ಕೊನೆ ಇನ್ನೂ ಸ್ವಲ್ಪ ದೂರ ಇರುವಾಗಲೇ ವಿಮಾನ ನಿಂತಿತು.

ನೀನು ಮಾಡಿದ್ದು ಸರಿ ಎಂದು ಕಲಿಸುವವರು ಹೇಳಿದರು. ಆ ಮಾತು ಅವಳ ಕಿವಿಗೆ ಬೀಳಲಿಲ್ಲ. ಅಪ್ಪ ಹಾರವನ್ನು ಮಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡದ್ದಷ್ಟೇ ಕಂಡಿತು.

ಅಜ್ಜಯ್ಯ ಸಮಾಧಾನದ ಮಾತೇನೂ ಆಡಲಿಲ್ಲ. ರನ್‌ವೇ ಎಷ್ಟುದ್ದ ಇರುತ್ತದೆ ಎಂದು ಕೇಳಿದರು.

"ಎಲ್ಲ ಕಡೆಗೂ ಒಂದೇ ಅಳತೆ ಅಂತ ಇಲ್ಲ, ಅಜ್ಜಯ್ಯ. ಮೊದಲು ವಿಮಾನದ ಭಾರ ನೋಡಬೇಕು. ಭಾರ ಹೆಚ್ಚಿದಷ್ಟೂ ಓಟ ಹೆಚ್ಚು."

"ಮತ್ತೆ?"

"ಬಿಸಿಲು. ಬಿಸಿಲೇರಿದರೆ ಗಾಳಿ ತೆಳ್ಳಗಾಗುತ್ತದೆ, ರೆಕ್ಕೆಗೆ ಆಸರೆ ಸಾಲದು. ಊರು ಎತ್ತರದಲ್ಲಿದ್ದರೂ ಹಾಗೇ. ನೆಲ ಏರಾಗಿದ್ದರೆ ಇನ್ನಷ್ಟು ಓಡಬೇಕು. ಇಳಿಯುವಾಗ ಒದ್ದೆಯಾಗಿದ್ದರೆ ನಿಲ್ಲುವುದು ತಡ."

"ಗಾಳಿ ಹಿಂದಿನಿಂದ ನೂಕಿದರೆ ಬೇಗ ಏರಬಹುದಲ್ಲ?"

"ಇಲ್ಲ ಅಜ್ಜಯ್ಯ, ಎದುರುಗಾಳಿ ಬೇಕು. ಎದುರಿಗೆ ಬೀಸಿದರೆ ಸ್ವಲ್ಪ ಓಟಕ್ಕೇ ಮೇಲೇಳುತ್ತದೆ."

ಹೇಳುತ್ತ ಹೇಳುತ್ತ ಅವಳ ತೋಳುಗಳು ತಾವಾಗಿಯೇ ಚಾಚಿಕೊಂಡಿದ್ದವು. ಅಜ್ಜಯ್ಯ ಅದನ್ನು ನೋಡಿದರು.

"ನನ್ನ ತಲೆಗೆ ಹೋಗಲಿಲ್ಲ. ಮಾಡಿ ತೋರಿಸು" ಎಂದರು.

ತೋಟದಾಚೆ ಇದ್ದ ಕಾಲುವೆಯತ್ತ ಕೈ ತೋರಿಸಿದರು. ಅಗಲ ಹೆಚ್ಚಿಲ್ಲ, ನೀರು ಸೊಂಟದವರೆಗೆ. ಶಾಂಭವಿ ದುಪಟ್ಟಾವನ್ನು ನಡುವಿಗೆ ಬಿಗಿದು ತುಸು ದೂರದಿಂದ ಓಡಿಬಂದು ಸಲೀಸಾಗಿ ಆಚೆ ಹಾರಿದಳು. ಕಾಲುಸಂಕದ ಮೇಲೆ ವಾಪಸು ಬಂದಳು.

ಅಜ್ಜಯ್ಯ ಅವಳ ಬೆನ್ನಿಗೆ ಕುಂಬಳಕಾಯಿ ತುಂಬಿದ ಚೀಲ ಕಟ್ಟಿದರು.

ಅವಳು ಕಾಲುವೆಯನ್ನೊಮ್ಮೆ ನೋಡಿದಳು, ಚೀಲದ ಭಾರ ನೋಡಿಕೊಂಡಳು, ತಾನಾಗಿಯೇ ಹಿಂದೆ ಹಿಂದೆ ನಡೆದು ಬೇವಿನ ಮರದ ಹತ್ತಿರ ಹೋಗಿ ನಿಂತಳು. ಅಲ್ಲಿಂದ ಓಡಿದಳು. ಆಚೆ ದಂಡೆಯನ್ನು ಹೇಗೋ ಮುಟ್ಟಿ ಮಂಡಿಯೂರಿ ಬಿದ್ದಳು. ಚೀಲದ ಬಾಯಿ ಬಿಚ್ಚಿ ಒಂದು ಕುಂಬಳಕಾಯಿ ಉರುಳಿ ನೀರಿಗೆ ಬಿದ್ದು ತೇಲಿಕೊಂಡು ಹೊರಟಿತು. ಅಡುಗೆಯ ರುದ್ರಮ್ಮ ಕೋಲು ಹಿಡಿದು ಅದರ ಹಿಂದೆ ಓಡಿದರು. ಮಧ್ಯಾಹ್ನದ ಸಾರು ಹೋಗುತ್ತಿದೆ ಎಂಬುದು ಅವರ ಆತಂಕ.

ಶಾಂಭವಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ನಗು ಅದು.

ಅಜ್ಜಯ್ಯ ಇನ್ನೊಂದು ಸಲ ಎಂದರು. ಚೀಲ ಮತ್ತೆ ಬೆನ್ನಿಗೇರಿತು. ಈ ಸಲ ಅವರು ಕಾಲುವೆಯ ಅಂಚಿಗೇ ಬಂದು ನಿಂತರು. ಅವಳು ಪೂರ್ತಿ ವೇಗದಲ್ಲಿ ಬಂದಳು. ಇನ್ನೇನು ಹಾರಬೇಕು, ಅಷ್ಟರಲ್ಲಿ ಅಜ್ಜಯ್ಯ "ನಿಲ್ಲು" ಎಂದರು.

ಅವಳ ಕಾಲುಗಳು ನಿಂತವು. ಬೆನ್ನ ಮೇಲಿನ ಚೀಲ ನಿಲ್ಲಲಿಲ್ಲ. ಚೀಲದ ಜೊತೆ ಅವಳೂ ಹೋಗಿ ಕಾಲುವೆಗೆ ಬಿದ್ದಳು.

ಮುಖದ ನೀರು ಒರೆಸಿಕೊಳ್ಳುತ್ತ ಎದ್ದು ನಿಂತಾಗ ಸುತ್ತಲೂ ಕುಂಬಳಕಾಯಿಗಳು ತೇಲುತ್ತಿದ್ದವು.

"ಅಷ್ಟು ಹತ್ತಿರ ಬಂದ ಮೇಲೆ ನಿಲ್ಲು ಅಂದರೆ ಹೇಗೆ ನಿಲ್ಲಲಿ, ಅಜ್ಜಯ್ಯ? ಜಾಗ ಎಲ್ಲಿದೆ?"

"ಆ ದಿನ ನಿಂತೆಯಲ್ಲ."

"ಅಲ್ಲಿ ಮುಂದೆ ಜಾಗ ಇತ್ತು."

"ಎಲ್ಲಿಂದ ಬಂತು?"

"ರನ್‌ವೇ ಮಾಡುವವರೇ ಲೆಕ್ಕ ಹಾಕಿ ಬಿಟ್ಟಿರುತ್ತಾರೆ. ಏರುವಷ್ಟು ನೆಲ ಇದ್ದರೆ ಸಾಲದು. ವೇಗ ಹಿಡಿದ ಮೇಲೆ ಎಂಜಿನ್ ಕೈಕೊಟ್ಟರೆ ಅಲ್ಲಿಂದ ಮುಂದೆ ನಿಲ್ಲುವಷ್ಟೂ ಇರಬೇಕು."

"ಎಲ್ಲ ಸರಿಯಾಗಿ ಏರಿಹೋದ ದಿನ, ಆ ನೆಲ ಏನಾಗುತ್ತದೆ?"

"ಏನೂ ಆಗಲ್ಲ. ನಾವು ಅದರ ಮೇಲಿಂದ ಹಾರಿಹೋಗುತ್ತೇವೆ. ಅದು ಸುಮ್ಮನೆ ಬಿದ್ದಿರುತ್ತದೆ."

"ಅಷ್ಟು ದುಡಿದು, ಅಷ್ಟು ಉದ್ದಕ್ಕೆ ಹಾಸಿದ್ದಾರೆ. ಯಾರಿಗೆಂದು ಹಾಸಿದರು, ಮಗಳೆ?"

ಶಾಂಭವಿ ತೇಲಿಬಂದ ಒಂದು ಕುಂಬಳಕಾಯಿಯನ್ನು ಹಿಡಿದುಕೊಂಡಳು. ಸೊಂಟದವರೆಗಿನ ನೀರಿನಲ್ಲಿ ಹಾಗೇ ನಿಂತಳು. ಮೆಲ್ಲಗೆ ಅವಳ ಮುಖ ಅರಳಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದಂಡೆಯ ಮೇಲಿದ್ದವರಿಗೆ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು.

ಕುಂಬಳಕಾಯಿಗಳನ್ನೆಲ್ಲ ಒಂದೊಂದಾಗಿ ಎತ್ತಿ ರುದ್ರಮ್ಮನ ಕೈಗೆ ಕೊಟ್ಟಳು. ಪೇಟೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರನ್ನೇ ಕೇಳಿದಳು. ಊಟ ಮಾಡಿಕೊಂಡು ಹೊರಟರೆ ಸಿಗುತ್ತದೆ ಎಂದರು ಅವರು. ಅವಳು ದಂಡೆ ಹತ್ತಿ, ಕಾಲುವೆಯ ಅಂಚಿನಲ್ಲಿ ನಿಂತು ದುಪಟ್ಟಾ ಹಿಂಡತೊಡಗಿದಳು.

ತಿರುಗಿ ನೋಡಿದರೆ ಬೇವಿನ ಮರಕ್ಕಿಂತಲೂ ಹಿಂದೆ, ತೋಟದ ಆ ತುದಿಯಲ್ಲಿ, ಅಜ್ಜಯ್ಯ ಪಂಚೆ ಎತ್ತಿ ಕಟ್ಟುತ್ತಿದ್ದರು.

ಬೇಡ ಅಜ್ಜಯ್ಯ, ಈ ವಯಸ್ಸಿನಲ್ಲಿ ಎಂದು ರುದ್ರಮ್ಮ ಗಾಬರಿಯಿಂದ ಅಡ್ಡ ಹೋದರು. ಅವರನ್ನು ಪಕ್ಕಕ್ಕೆ ಸರಿಸಿ ಅಜ್ಜಯ್ಯ ಶಾಂಭವಿಗೆ ಕೈಬೀಸಿದರು.

"ಅಲ್ಲಿಂದ ಸ್ವಲ್ಪ ಸರಿ, ತಾಯಿ. ಹಾರಿದರೂ ಹಾರಿಯೇನು, ನಿಂತರೂ ನಿಂತೇನು."