ರಾಜನ ಎರಡನೇ ಮೂಗು

ಕತೆ ಕೇಳೋರು ಹೂಂ ಅನ್ನಿ, ಬುದ್ಧಿ ಹೇಳೋರು ಎದ್ದು ಹೋಗಿ. ಯಾಕಂದ್ರೆ ಇದು ಬುದ್ಧಿ ಹೇಳಿ ಹೇಳಿ ಕೆಟ್ಟ ದ್ಯಾವಮ್ಮನ ಕತೆ.

ದ್ಯಾವಮ್ಮ ಸಂತೇಲಿ ಮಜ್ಜಿಗೆ ಮಾರೋಳು. ಮಜ್ಜಿಗೆ ಅವಳದು, ಮೊಸರು ಪಕ್ಕದ್ಮನೆ ಕೆಂಪಜ್ಜಿದು. ಸ್ವಂತಕ್ಕೊಂದು ಎಮ್ಮೆ ಕಟ್ಟಬೇಕು ಅನ್ನೋದೊಂದೇ ಅವಳ ಆಸೆ. ಇರೋನೊಬ್ಬ ಮಗ, ಸಿಂಗ್ರಿ. ಇಪ್ಪತ್ತೆರಡು ವರ್ಷ. ಹೇಳಿದ್ದನ್ನ ಹೇಳಿದಂಗೇ ಬರೆದೋರಿಗೆ ಇಸ್ಕೂಲಲ್ಲಿ ಮಾರ್ಕ್ಸ್ ಕೊಟ್ರು. ಹೇಳಿದ್ದನ್ನ ಹೇಳಿದಂಗೇ ಮಾಡೋ ಸಿಂಗ್ರಿಗೆ ಮಾತ್ರ ಪೆದ್ದ ಅಂತ ಹೆಸರು ಕೊಟ್ರು.

ಒಂದಿನ ಅಟ್ಟದ ಮೇಲೆ ಮಾವನ ಕಾಲದ ಹಿತ್ತಾಳೆ ಗಿಂಡಿ ಸಿಕ್ತು. ಒಳಗೆ ಹಳೇ ನಾಣ್ಯ, ಕಿಲುಬು ಹಿಡಿದು ಹಸಿರಾಗಿದ್ವು.

"ಲೇ ಮಗಾ, ಇವನ್ನ ನಾಣ್ಯದಂಗಡಿ ಕಾಶಿಶೆಟ್ರಿಗೆ ತೋರಿಸ್ಕೊಂಡು ಬಾ. ಚೆನ್ನಾಗಿ ಉಜ್ಕೊಂಡು ಹೋಗು, ಫಳಫಳ ಅನ್ಬೇಕು."

ಉಜ್ಜಿದ. ಹುಣಸೆಹಣ್ಣು ಹಾಕಿ ಉಜ್ಜಿದ, ಇಟ್ಟಿಗೆ ಪುಡಿ ಹಾಕಿ ಉಜ್ಜಿದ, ಬಟ್ಟೆ ಒಗೆಯೋ ಕಲ್ಲಿಗೆ ಹಾಕಿ ಉಜ್ಜಿದ. ನಾಣ್ಯದ ಮೇಲಿದ್ದ ರಾಜನೂ ಹೋದ, ಇಸವಿಯೂ ಹೋಯ್ತು, ಬರೀ ಫಳಫಳ ಉಳೀತು.

ಶೆಟ್ರು ನೋಡಿ ತಲೆ ಮೇಲೆ ಕೈ ಹೊತ್ಕೊಂಡ್ರು. "ಏನಪ್ಪಾ, ಕುಂಟೆಬಿಲ್ಲೆ ಆಡೋಕೆ ತಂದಿದ್ದೀಯಾ? ಹಳೇದನ್ನ ತೊಳೀಬಾರ್ದು. ಕೊಳಕಿದ್ರೇ ಬೆಲೆ. ಅದ್ರಲ್ಲೂ ನಾಣ್ಯ ಮಾಡೋ ಟಂಕಸಾಲೇಲಿ ಅಚ್ಚು ತಪ್ಪಿ ಬಿದ್ದಿರೋದು ಸಿಕ್ರೆ ತಾ. ಸರಿ ಇರೋದಕ್ಕಿಂತ ತಪ್ಪಿರೋದಕ್ಕೇ ರೇಟು ಜಾಸ್ತಿ."

ಮಗ ಬಂದು ಹೇಳಿದ್ದೇ ತಡ, ದ್ಯಾವಮ್ಮ ಗಿಂಡಿ ಬೋರಲು ಹಾಕಿ ಬಡಿದಳು. ತಳಕ್ಕೆ ಅಂಟಿದ್ದ ಒಂದೇ ಒಂದು ನಾಣ್ಯ ಟಣ್ ಅಂತ ಬಿತ್ತು. ಅಚ್ಚು ಎರಡು ಸಲ ಬಿದ್ದು, ರಾಜನಿಗೆ ಎರಡು ಮೂಗು!

"ನನ್ನಪ್ಪಾ, ಎರಡು ಮೂಗಿನ ಮಾರಾಯ, ನೀನೇ ಕಣೋ ನನ್ನ ಎಮ್ಮೆ," ಅಂತ ದೇವರ ಗೂಡಲ್ಲಿಟ್ಳು. ಶೆಟ್ರು ಅಂಗಡಿ ತೆಗೆಯೋದು ಸಂತೆ ದಿನ ಮಾತ್ರ. ಸಂತೆಗೆ ಇನ್ನೂ ಏಳು ದಿನ.

ಎಮ್ಮೆ ಬರುತ್ತಲ್ಲ, ಹಾಲು ಕಾಯ್ಸೋಕೆ ಮಡಕೆ ಬೇಕಲ್ಲ. ಸಿಂಗ್ರಿನ ಕುಂಬಾರರ ಕೇರಿಗೆ ಕಳಿಸಿದಳು. ಸೊಟ್ಟ ಮೂತಿದು, ತಳದಲ್ಲಿ ಹೆಬ್ಬೆಟ್ಟು ಹೋಗೋ ತೂತಿರೋದು ಹೊತ್ಕೊಂಡು ಬಂದ.

"ಇದೇನ್ಲಾ ಇದು?"

"ತಪ್ಪಿರೋದಕ್ಕೇ ರೇಟಲ್ವಾ ಅವ್ವಾ? ಪಾಪ, ಕುಂಬಾರಣ್ಣಂಗೆ ಗೊತ್ತೇ ಇಲ್ಲ, ತಿಪ್ಪೆಗೆ ಹಾಕಿದ್ದ. ನಾನೇ ಡಬಲ್ ಕೊಟ್ಟು ತಂದೆ."

"ನಿನ್ನ ಬಾಯಿಗೆ ಮಣ್ಣಾಕ! ತಳ ನೋಡ್ಬಾರ್ದಾ? ಇನ್ಮೇಲೆ ಏನು ತಂದ್ರೂ ಬೋರಲು ಹಾಕಿ ಆ ಮಗ್ಗುಲೂ ನೋಡ್ಬೇಕು, ತಿಳೀತಾ?"

ತಿಳೀತು. ಮಾರನೇ ದಿನ ಕೆಂಪಜ್ಜಿ ಮನೆಗೆ ಮೊಸರು ತರೋಕೆ ಹೋದ. ತುಂಬಿದ ಗಡಿಗೆ ಇಸ್ಕೊಂಡ, ಅವಳ ಹೊಸ್ತಿಲ ಮೇಲೇ ಬೋರಲು ಹಾಕ್ದ, ಖಾಲಿ ಗಡಿಗೆ ಮನೆಗೆ ತಂದ.

"ತಳ ಚೆನ್ನಾಗೈತೆ ಅವ್ವಾ. ಮೊಸರೊಂದು ಹೋಯ್ತು."

ಹಿಂದೇನೇ ಕೆಂಪಜ್ಜಿ ಬಂದ್ಲು, ಸೆರಗು ಸೊಂಟಕ್ಕೆ ಸಿಗಿಸ್ಕೊಂಡು. "ಏ ದ್ಯಾವಿ, ನನ್ನ ಮನೆ ಮೊಸರು ಇವತ್ತಿಗೆ ಸಾಕು. ನಿನ್ನ ಮಗನ್ನೇ ಕಡೆದು ಮಜ್ಜಿಗೆ ಮಾಡ್ಕೋ."

ಇನ್ನು ಮೊಸರೂ ಇಲ್ಲ, ಮಜ್ಜಿಗೇನೂ ಇಲ್ಲ. ಇರೋದು ಗೂಡಲ್ಲಿರೋ ಎರಡು ಮೂಗು ಅಷ್ಟೇ. ದ್ಯಾವಮ್ಮ ಮಗನ ಕಿವಿ ಹಿಂಡಿದಳು. "ತಪ್ಪು ಕಣ್ಣಿಗೆ ಬಿದ್ರೆ ಹಂಗೇ ಬಿಟ್ಟು ಬರ್ಬೇಡ ಕಣ್ಲಾ. ಆಗಿಂದಾಗ್ಲೇ ತಿದ್ದಿಬಿಡು."

ಸಂತೆ ದಿನ ಬೆಳಿಗ್ಗೆ ದ್ಯಾವಮ್ಮ ಮಿಂದು, ಒಗೆದ ಸೀರೆ ಉಟ್ಟು, ಗೂಡಿಗೆ ಕೈ ಹಾಕಿದಳು. ಖಾಲಿ. ಅಷ್ಟರಲ್ಲಿ ಸಿಂಗ್ರಿ ಬೀದಿ ತುಂಬಾ ನಗ್ತಾ ಬಂದ.

"ತಿದ್ದಿಸ್ಬಿಟ್ಟೆ ಅವ್ವಾ! ಕುಲುಮೆ ಆಚಾರಣ್ಣ ಅರ ಹಾಕಿ ಉಜ್ಜಿ ಒಂದು ಮೂಗು ತೆಗೆದ. ಇನ್ನೊಂದನ್ನೂ ತೆಗೀತಿದ್ದ, ನಾನೇ ಕೈ ಹಿಡ್ಕೊಂಡೆ."

ದ್ಯಾವಮ್ಮ ನಾಣ್ಯ ಕಿತ್ಕೊಂಡು ಹಣೆ ಚಚ್ಕೊಂಡಳು. ಆದ್ರೂ ಆಸೆ ನೋಡಿ, ಮಗನ್ನ ಎಳ್ಕೊಂಡು ಶೆಟ್ರ ಅಂಗಡಿಗೆ ಓಡಿದಳು.

ಶೆಟ್ರು ಭೂತಗನ್ನಡಿ ಹಿಡಿದು ನೋಡಿದ್ರು. ತುಂಬಾ ಹೊತ್ತು ನೋಡಿದ್ರು. "ದ್ಯಾವಮ್ಮಾ, ಹುಟ್ಟುವಾಗ್ಲೇ ಆದ ತಪ್ಪಿಗೆ ಬೆಲೆ ಕಣಮ್ಮ. ನಿನ್ನೆಗೆ ಎಮ್ಮೆ ಜೊತೆ ಕರುನೂ ಬರ್ತಿತ್ತು. ಇವತ್ತು ಒಂದು ಬೀಡಿ ಕಟ್ಟೂ ಬರಲ್ಲ."

ದ್ಯಾವಮ್ಮ ಅಂಗಡಿ ಮೆಟ್ಟಿಲ ಮೇಲೆ ದೊಪ್ ಅಂತ ಕೂತ್ಳು. "ಅಯ್ಯೋ ಶಿವನೇ, ನಾಣ್ಯ ಅಲ್ಲ ಕಣೋ, ನೀನು ಹುಟ್ಟಿದ್ದೇ ತಪ್ಪು!"

ಸಿಂಗ್ರಿ ಮುಖ ಅರಳಿತು. ಅವ್ವ ಇದನ್ನ ಮೊದಲೇ ಹೇಳ್ಬಾರ್ದಿತ್ತಾ? ಚಂಗನೆ ನೆಗೆದು, ಶೆಟ್ರು ನಾಣ್ಯ ಹರಡೋ ಮಖಮಲ್ ಬಟ್ಟೆ ಮೇಲೆ ಅಂಗಾತ ಮಲಗಿದ.

"ನೋಡಿ ಶೆಟ್ರೇ, ಹುಟ್ಟುವಾಗ್ಲೇ ಆದ ತಪ್ಪು. ಹೆತ್ತವ್ವನೇ ಸಾಕ್ಷಿ. ಇಪ್ಪತ್ತೆರಡು ವರ್ಷ ಹಳೇದು. ನೀವು ಹೇಳಿದ ದಿನದಿಂದ ಸ್ನಾನನೂ ಮಾಡಿಲ್ಲ."

ಶೆಟ್ರು ಒಂದು ಕೈಲಿ ಭೂತಗನ್ನಡಿ, ಒಂದು ಕೈಲಿ ಮೂಗು ಹಿಡ್ಕೊಂಡು ಹಂಗೇ ನಿಂತ್ರು. ರೇಟು ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತ ಸಿಂಗ್ರಿಗೆ ಹೊಳೀತು. ದಡಕ್ಕನೆ ಮಗ್ಗುಲು ತಿರುಗಿ ಬೋರಲು ಬಿದ್ದ.

"ಹೂಂ, ಈ ಕಡೆನೂ ನೋಡ್ಬಿಡಿ."